ಒಂಟಿ ಸೀನು

“ಎಲ್ಲಾನೂ ಮನೇಲೇ ಮುಗಿಸ್ಕೊಂಡು ಬರ್ಬೇಕಂತೆ ಕಣ್ರಮ್ಮಾ. ಯಜಮಾನ್ರ ಹುಕುಂ ಆಗದೆ.”

ಇಷ್ಟು ಹೇಳಿ ಮೇಸ್ತ್ರಿ ಚೆಲುವಯ್ಯ ಗೋಡೆಯ ಕಡೆ ತಿರುಗಿಕೊಂಡ. ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ.

“ಏನ ಮುಗಿಸ್ಕೊಂಡು ಬರ್ಬೇಕು? ಊಟವಾ?” ಅಂದಳು ಕೆಂಚಮ್ಮ.

“ಊಟ ಅಲ್ಲ ಕಣಮ್ಮ.”

“ಮತ್ತೆ ಕಸ ಮುಸುರೆಯಾ? ಅದ ಕೋಳಿ ಕೂಗೋ ಹೊತ್ಗೇ ಮುಗಿಸ್ತೀವಿ.”

“ಅದೂ ಅಲ್ಲ ಕಣಮ್ಮ.”

“ಬಾಯ್ಬುಟ್ಟು ಹೇಳಿ ಮೇಸ್ತ್ರಿ. ಮದ್ವೆ ಹೆಣ್ಣಿನಂಗೆ ಗೋಡೆ ನೋಡ್ಕೊಂಡು ನಿಂತ್ರೆ ನಮಗೇನು ತಿಳೀತದೆ?”

“ಅದೇ... ಹಿತ್ಲು ಕಡೆ ಹೋಗೋದು. ಇನ್ಮೇಲೆ ಕೆಲಸದ ಹೊತ್ನಲ್ಲಿ ಹಿತ್ಲು ಬಾಗ್ಲು ತೆಗೆಯಂಗಿಲ್ಲ. ಬೀಗ ಹಾಕ್ಬುಟ್ಟವ್ರೆ. ಮಧ್ಯಾಹ್ನ ಊಟದ ಹೊತ್ಗೆ ಯಜಮಾನ್ರೇ ಬಂದು ತೆಗೀತಾರೆ.”

ಪಡಸಾಲೆಯಲ್ಲಿ ಕೂತಿದ್ದ ಹೆಂಗಸರ ಕೈಗಳೆಲ್ಲ ಒಟ್ಟಿಗೇ ನಿಂತವು.

“ಅಂದ್ರೆ ಉಚ್ಚೆಗೂ ಯಜಮಾನ್ರ ಅಪ್ಪಣೆಯಾ?” ಅಂದಳು ಕೆಂಚಮ್ಮ.

ಚೆಲುವಯ್ಯ ಗೋಡೆಯನ್ನೇ ನೋಡುತ್ತ, “ನಾ ಹೇಳಿದ್ದಲ್ಲ ಕಣಮ್ಮ,” ಅಂದ.

ಅದು ಕರಿಬಸವಯ್ಯನವರ ಊದುಬತ್ತಿ ಕಾರ್ಖಾನೆ. ಕಾರ್ಖಾನೆ ಅಂದ ಕೂಡಲೇ ಹೊಗೆ ಕೊಳವೆ, ಸೈರನ್ನು ಅಂತೆಲ್ಲ ನೆನೆಸಿಕೊಳ್ಳಬೇಡಿ. ಚಾಮರಾಜಪುರದ ರೈಲು ಹಳಿಯ ಹತ್ತಿರ ಒಂದು ಹಳೆಯ ಹೆಂಚಿನ ಮನೆ. ಮುಂದೆ ಬೀದಿ ಬಾಗಿಲು. ಅದರ ಪಕ್ಕದ ಕೋಣೆಯಲ್ಲಿ ಯಜಮಾನರ ಮೇಜು ಮತ್ತು ದೇವರ ಪಟಗಳು. ಒಳಗೆ ಉದ್ದನೆಯ ಪಡಸಾಲೆ. ಪಡಸಾಲೆಯ ಕೊನೆಗೆ ಹಿತ್ತಲ ಬಾಗಿಲು. ಹಿತ್ತಲಲ್ಲಿ ಒಂದು ಬಾವಿ, ಒಂದು ಸೀಬೆ ಮರ, ತೆಂಗಿನ ಗರಿ ಕಟ್ಟಿದ ಒಂದು ಮರೆ. ಆ ಮರೆಗೆ ಹೋಗಬೇಕಾದರೆ ಆ ಬಾಗಿಲೊಂದೇ ದಾರಿ.

ಪಡಸಾಲೆಯ ಹೆಂಗಸರೆಲ್ಲ ಕುಂಬಾರಕೊಪ್ಪಲಿನವರು. ಊರಿಗೆ ಅಲ್ಯೂಮಿನಿಯಂ ಪಾತ್ರೆ ಬಂದು ಮಡಕೆ ಕೇಳುವವರಿಲ್ಲವಾದ ಮೇಲೆ ಗಂಡಂದಿರ ಚಕ್ರ ನಿಂತಿತು, ಹೆಂಡಿರ ಕಾಲು ಹೊರಟಿತು. ಮಣ್ಣು ಹಿಡಿದ ಕೈ ಇದ್ದಿಲು ಹಿಡಿಯಿತು. ಬೆಳಗಾಗುವ ಮೊದಲೇ ಮುದ್ದೆ ತಿರುವಿಟ್ಟು, ಮಕ್ಕಳನ್ನು ಅತ್ತೆಯರ ಮಡಿಲಿಗೆ ನೂಕಿ ನಡೆದು ಬರುತ್ತಿದ್ದರು. ಬಂದು ನೆಲದ ಮೇಲೆ ಕೂತರೆ ಮುಂದೊಂದು ಮರದ ಮಣೆ. ಇದ್ದಿಲು ಪುಡಿ, ಅಂಟಿಗೆ ಜಿಗಟು ಪುಡಿ, ವಾಸನೆಗೆ ಗಂಧದ ಪುಡಿ. ಎಲ್ಲ ಕಲಸಿದ ಕರಿ ಹಿಟ್ಟು. ಬಿದಿರು ಕಡ್ಡಿ ಇಡು, ಹಿಟ್ಟು ಹಚ್ಚು, ಅಂಗೈಯಲ್ಲಿ ಹೊಸೆ. ಇಡು, ಹಚ್ಚು, ಹೊಸೆ. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಉಗುಳು ಕಪ್ಪು. ಸಿಂಬಳ ಕಪ್ಪು. ಅಂಗೈಯ ಗೆರೆಯೆಲ್ಲ ಸವೆದು ಹೋಗಿತ್ತು. ಒಮ್ಮೆ ದಸರೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಕೆಂಚಮ್ಮನ ಕೈ ಹಿಡಿದು, “ಏನೂ ಕಾಣ್ತಿಲ್ಲವಲ್ಲ ತಾಯಿ,” ಅಂದಿದ್ದ. “ನಂಗೂ ಅಂಗೇ ಕಣಪ್ಪ,” ಅಂದಿದ್ದಳು ಅವಳು. ಮೊದಲ ಚುನಾವಣೆಯಲ್ಲಿ ಓಟು ಹಾಕಲು ಹೋದಾಗ ಮಸಿ ಹಚ್ಚುವ ಗುಮಾಸ್ತ ಅವಳ ಕೈ ನೋಡಿ ಗಾಬರಿಯಾಗಿ, “ಹತ್ತೂ ಬೆರಳಿಗೆ ಆಗಲೇ ಹಚ್ಚಿದೆಯಲ್ಲಮ್ಮ!” ಅಂದಿದ್ದನಂತೆ.

ಅವರು ಹೊಸೆದ ಬತ್ತಿ ಹೊತ್ತಿಸಿದರೆ ದೇವರಿಗೆ ಪರಿಮಳ. ಹೊಸೆದವಳಿಗೆ ಕೆಮ್ಮು.

ಇನ್ನು ಯಜಮಾನರು. ಕರಿಬಸವಯ್ಯನವರು ಹುಲಿಗೆ ಹೆದರುವವರಲ್ಲ, ಹಲ್ಲಿಗೆ ಹೆದರುವವರು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಅಷ್ಟು ಕಾವಲಿದ್ದೂ ಒಂದು ಬೆಕ್ಕು ಬಂದರೆ ಬೀದಿಯನ್ನೇ ಬಿಟ್ಟುಕೊಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಸೀನಿನದು. ಏನಾದರೂ ಕೆಲಸಕ್ಕೆ ಕೈ ಹಾಕುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಕೆಲಸ ಕೆಟ್ಟಂತೆಯೇ. ಹಿಂದಕ್ಕೆ ಬರಬೇಕು, ಕೂರಬೇಕು, ಒಂದು ಚೊಂಬು ನೀರು ಕುಡಿದು ಹೊಸದಾಗಿ ಶುರು ಮಾಡಬೇಕು. ಜೋಡಿ ಸೀನಾದರೆ ಶುಭ. ಆದರೆ ಆ ಎರಡನೆಯದು ಅದೇ ಮೂಗಿನಿಂದಲೇ ಬರಬೇಕು. ಒಬ್ಬರ ಸೀನಿಗೆ ಇನ್ನೊಬ್ಬರ ಸೀನು ಜೋಡಿಯಾಗದು. ಇದನ್ನು ಅವರು ತಂದೆಯಿಂದ ಕಲಿತಿದ್ದರು, ತಂದೆ ತಾತನಿಂದ. ಅರ್ಧ ಚೊಂಬು ಕುಡಿದರೆ ಸಾಲದು ಅನ್ನುವುದು ಮಾತ್ರ ಅವರ ಸ್ವಂತದ ಸಂಶೋಧನೆ.

ಬೀಗ ಬಿದ್ದದ್ದಕ್ಕೂ ಈ ಶಕುನವೇ ಕಾರಣ. ಹಿಂದಿನ ದಿನ ಬಾವಿಕಟ್ಟೆಯ ಹತ್ತಿರ ಕೆಂಚಮ್ಮ ಬಿಂದಿಗೆಯ ಸಿಂಬಿಯನ್ನು ತಲೆಗೆ ಪೇಟದ ಹಾಗೆ ಇಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿ, ಗಂಭೀರವಾಗಿ ಎರಡು ಹೆಜ್ಜೆ ಇಟ್ಟು, ತಾನೇ ಹಲ್ಲಿಯ ಹಾಗೆ ಲೊಚಗುಟ್ಟಿ, ತಾನೇ ಹಿಂದಕ್ಕೆ ನೆಗೆದಿದ್ದಳು. ಹೆಂಗಸರು ಬಾವಿಕಟ್ಟೆ ಹಿಡಿದುಕೊಂಡು ನಕ್ಕರು. ಚಾಮುಂಡೇಶ್ವರಿಯಂತೂ ತನ್ನ ಆರು ತಿಂಗಳ ಹೊಟ್ಟೆ ಹಿಡಿದುಕೊಂಡು, “ಸಾಕು ಕಣಕ್ಕಾ, ಇಲ್ಲೇ ಹೆತ್ಬುಟ್ಟೇನು,” ಅಂದಳು. ತಿರುಗಿ ನೋಡಿದರೆ ಬಾಗಿಲಲ್ಲಿ ನಿಜವಾದ ಪೇಟ ನಿಂತಿತ್ತು. ಅದು ಮಾತಾಡಲಿಲ್ಲ. ಮರುದಿನ ಬೀಗ ಮಾತಾಡಿತು.

ಬೀಗ ಬಿದ್ದ ಮೇಲೆ ಹೆಂಗಸರು ನೀರು ಕುಡಿಯುವುದನ್ನು ಬಿಟ್ಟರು. ಬಾಯಿ ತುಂಬ ಇದ್ದಿಲು, ಗಂಟಲಿಗೆ ಹನಿ ಇಲ್ಲ. ಹಿತ್ತಲಿನಿಂದ ಬರುತ್ತಿದ್ದ ಗಾಳಿಯೂ ನಿಂತಿತು. ಜರಡಿ ಹಿಡಿದರೆ ಎದ್ದ ಪುಡಿ ಇಳಿಯುವುದೇ ಇಲ್ಲ. ಕಣ್ಣಲ್ಲಿ ಪುಡಿ, ಕಿವಿಯಲ್ಲಿ ಪುಡಿ. ಮೂಗಿಗೆ ಮೂರು ಹೊತ್ತೂ ಕಚಗುಳಿ.

“ಸ್ವತಂತ್ರ ಬಂದು ಏಳೆಂಟು ವರ್ಸ ಆಯ್ತು ಅಂತಾರೆ,” ಅಂದಳು ನಾಗಮಣಿ. ಕೆಂಚಮ್ಮನ ಪಕ್ಕದ ಮಣೆ ಅವಳದು. “ಎಲ್ಲಿಗೆ ಬಂತೋ ಕಾಣೆ.”

“ಬಂದಿರ್ತದೆ ಕಣೇ. ಹಿತ್ಲಲ್ಲಿ ಕುಂತಿರ್ತದೆ. ಬೀಗ ಹಾಕವ್ರಲ್ಲ,” ಅಂದಳು ಕೆಂಚಮ್ಮ.

ಆ ವಾರ ನಗು ಅಲ್ಲಿಗೇ ಮುಗಿಯಿತು.

ಬುಧವಾರ ಚಾಮುಂಡೇಶ್ವರಿ ಬೆಳಿಗ್ಗೆಯಿಂದಲೇ ಒದ್ದಾಡುತ್ತಿದ್ದಳು. ಬಸುರಿಗೆ ಹೊಟ್ಟೆಯಲ್ಲಿ ಮಗು ಒಂದು ಕಡೆಯಿಂದ ಒತ್ತುತ್ತದೆ, ಇನ್ನೊಂದು ಕಡೆಯಿಂದ ಯಜಮಾನರ ಬೀಗ. ಅವಳು ಮೇಸ್ತ್ರಿಯನ್ನು ಕೇಳಿದಳು. ಮೇಸ್ತ್ರಿ ಯಜಮಾನರನ್ನು ಕೇಳಲು ಹೋದ. ಯಜಮಾನರು ಒಳಗೆಲ್ಲ ಕೇಳುವ ಹಾಗೆ ಹೇಳಿದರು:

“ಬಸುರಿಯಾದ್ರೆ ಮನೇಲಿರ್ಲಿ. ಇಲ್ಲಿಗೆ ಬಂದ್ಮೇಲೆ ಎಲ್ರಿಗೂ ಒಂದೇ ಕಾನೂನು.”

ಈ ಉತ್ತರ ಹೊತ್ತು ತರುವ ಮೊದಲು ಚೆಲುವಯ್ಯ ಬೀದಿಗೆ ಹೋಗಿ, ಪಕ್ಕದ ಓಣಿಯ ಗೋಡೆಗೆ ನಿಂತು, ಹಗುರಾಗಿ ಬಂದ. ಗಂಡಸಿಗೆ ಊರಿನ ಗೋಡೆಯೆಲ್ಲ ಹಿತ್ತಲೇ.

ಸ್ವಲ್ಪ ಹೊತ್ತಿನ ಮೇಲೆ ಚಾಮುಂಡೇಶ್ವರಿಯ ಕೈ ನಿಂತಿತು. ಅವಳು ತಲೆ ಬಗ್ಗಿಸಿದಳು. ಕೆಂಚಮ್ಮ ನೋಡಿದಳು. ಚಾಮುಂಡೇಶ್ವರಿಯ ಮಣೆಯ ಕೆಳಗಿನಿಂದ ನೆಲ ಒದ್ದೆಯಾಗುತ್ತ ಬರುತ್ತಿತ್ತು. ಹಿಟ್ಟು ಕಲಸುವ ನೀರಿನ ಗಡಿಗೆಯನ್ನು ಮೊಣಕೈಯಿಂದ ತಳ್ಳಿದಳು. ಗಡಿಗೆ ಉರುಳಿತು. ಪಡಸಾಲೆಯೆಲ್ಲ ನೀರಾಯಿತು. ಯಾವುದು ಯಾವ ನೀರು ಅಂತ ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಸದ್ದು ಕೇಳಿ ಯಜಮಾನರು ಬಂದರು. “ಕಣ್ಣು ಹಿತ್ತಲಲ್ಲಿ ಬಿಟ್ಟು ಬಂದಿದ್ದೀಯೇನೇ? ಅರ್ಧ ದಿನದ ಕೂಲಿ ಮುರಿ ಚೆಲುವಯ್ಯ ಇವಳದು!”

ಕೆಂಚಮ್ಮ ಬಗ್ಗಿ ನೆಲ ಒರೆಸಿದಳು. ಚಾಮುಂಡೇಶ್ವರಿ ಸಂಜೆಯ ತನಕ ಒದ್ದೆ ಸೀರೆಯಲ್ಲೇ ಕೂತು ಹೊಸೆದಳು. ಮನೆಗೆ ಹೋಗುವ ದಾರಿಯಲ್ಲಿ, “ನಾಳೆಯಿಂದ ನಾ ಬರಕಿಲ್ಲ ಕಣಕ್ಕಾ,” ಅಂದಳು.

“ಬಾ. ಬರ್ದೆ ಇರಾಕೆ ನೀನೇನು ತಪ್ಪು ಮಾಡಿದ್ದೀಯೆ?” ಅಂದಳು ಕೆಂಚಮ್ಮ. ಏನು ಮಾಡಬೇಕು ಅಂತ ಅವಳಿಗೂ ಗೊತ್ತಿರಲಿಲ್ಲ. ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು, ಅಷ್ಟೇ.

ಶುಕ್ರವಾರ ಬಂತು. ಅವತ್ತು ಕರಿಬಸವಯ್ಯನವರು ಜರಿಪೇಟ ಸುತ್ತಿ, ಇಸ್ತ್ರಿ ಮಾಡಿದ ಮುಚ್ಚುಕೋಟು ತೊಟ್ಟು, ಮದುವೆ ಗಂಡಿನ ತಂದೆಯ ಹಾಗೆ ಬಂದರು. ಮದರಾಸಿನ ದೊಡ್ಡ ವ್ಯಾಪಾರಿಯೊಬ್ಬರು ರೈಲಿನಲ್ಲಿ ಬರುವವರಿದ್ದರು. ಅವರನ್ನು ಸ್ಟೇಷನ್ನಿನಿಂದ ಮೊದಲು ಯಾರು ಕರೆದುಕೊಂಡು ಹೋಗುತ್ತಾರೋ ಸರಕಿನ ಆರ್ಡರು ಅವರದೇ. ಇನ್ನೊಬ್ಬ ಬತ್ತಿ ಸಾಹುಕಾರ ಹಾರ ಹಿಡಿದು ಆಗಲೇ ಅಲ್ಲಿ ನಿಂತಿದ್ದಾನೆ ಅಂತಲೂ ಸುದ್ದಿ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಬಲಗಾಲಿಟ್ಟು ಹೊಸ್ತಿಲು ದಾಟಬೇಕು. ಬಾಗಿಲಲ್ಲಿ ಜಟಕಾ ಕಾಯುತ್ತಿತ್ತು.

ಯಜಮಾನರು ದೇವರಿಗೆ ಕೈ ಮುಗಿದರು. ಜೋಡು ಮೆಟ್ಟಿದರು. ಬಲಗಾಲು ಎತ್ತಿದರು. ಕಾಲು ಹೊಸ್ತಿಲ ಮೇಲೆ ತೂಗುತ್ತಿತ್ತು.

“ಆ... ಆಕ್ಷೀ!”

ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು.

“ಯಾವಳೇ ಅದು?”

“ನಾನೇ ಬುದ್ಧಿ,” ಅಂದಳು ಜರಡಿ ಹಿಡಿದಿದ್ದ ಕೆಂಚಮ್ಮ. ಅದು ಸುಳ್ಳು ಸೀನಲ್ಲ, ದೇವರಾಣೆ ನಿಜದ ಸೀನು.

“ಇನ್ನೊಂದು ಬರುತ್ತೇನೇ?”

ಕೆಂಚಮ್ಮ ಮೂಗು ಎತ್ತಿ ಕಾದಳು. ಎಲ್ಲರೂ ಅವಳ ಮೂಗನ್ನೇ ನೋಡಿದರು. “ಬರಂಗೆ ಕಾಣಕ್ಕಿಲ್ಲ ಬುದ್ಧಿ.”

“ಹಾಳಾಗ್ಹೋಗು!”

“ಬಾಗ್ಲು ಮುಚ್ಚವ್ರೆ, ಪುಡಿ ಒಳಗೇ ಸುತ್ತಾಡ್ತದೆ. ಸೀನು ನಮ್ಮ ಕೈಲದಾ ಬುದ್ಧಿ?”

ಯಜಮಾನರು ಹಿಂದಕ್ಕೆ ಬಂದರು. ಜೋಡು ಬಿಚ್ಚಿದರು. ಕುರ್ಚಿಯಲ್ಲಿ ಕೂತರು. ಚೆಲುವಯ್ಯ ತಂದ ಚೊಂಬು ನೀರನ್ನು ತಳ ಕಾಣುವ ತನಕ ಕುಡಿದರು. ಎದ್ದರು. ಜೋಡು ಮೆಟ್ಟಿದರು. ಕಾಲು ಎತ್ತಿದರು.

ನಾಗಮಣಿ ಸೀನಿದಳು.

ಅದೂ ನಿಜದ್ದೇ. ಮತ್ತೆ ಜೋಡು, ಮತ್ತೆ ಕುರ್ಚಿ, ಮತ್ತೆ ಚೊಂಬು. ಯಜಮಾನರು ಚೆಲುವಯ್ಯನ ನಶ್ಯದ ಡಬ್ಬಿ ಕಿತ್ತುಕೊಂಡು, “ತಗೊಳ್ಳೇ, ಮೂಗಿಗೆ ಏರಿಸು, ಇನ್ನೊಂದು ಸೀನು!” ಅಂತ ನಾಗಮಣಿಗೆ ಕೊಟ್ಟರು. ಅವಳು ಅದನ್ನು ಮೂಗಿಗೆ ಹಾಕದೆ ಒಸಡಿಗೆ ತಿಕ್ಕಿಕೊಂಡಳು. “ರಾತ್ರಿಯಿಂದ ಹಲ್ಲುನೋವು ಬುದ್ಧಿ. ಪುಣ್ಯ ಬರ್ತದೆ ನಿಮಗೆ.”

ಯಜಮಾನರು ಮೂರನೇ ಸಲ ಬಾಗಿಲಿಗೆ ಹೊರಟಾಗ ಕೆಂಚಮ್ಮ ಅವರ ಕಾಲು ನೋಡಿದಳು. ಅವರ ನಡಿಗೆ ಅವಳಿಗೆ ಚೆನ್ನಾಗಿ ಗೊತ್ತು. ಆಡಿ ತೋರಿಸಿದವಳಲ್ಲವೇ? ಆದರೆ ಇದು ಆ ನಡಿಗೆಯಲ್ಲ. ಮೊಣಕಾಲಿಗೆ ಮೊಣಕಾಲು ಅಂಟಿಸಿ, ಹೆಜ್ಜೆಗೊಮ್ಮೆ ತುಟಿ ಕಚ್ಚುವ ನಡಿಗೆ. ಇದು ಪಡಸಾಲೆಯ ಹೆಂಗಸರೆಲ್ಲ ಒಂದು ವಾರದಿಂದ ನಡೆಯುತ್ತಿದ್ದ ನಡಿಗೆ.

ಕೆಂಚಮ್ಮನ ಹೊಟ್ಟೆಯ ಉರಿಗೆ ದಾರಿ ಸಿಕ್ಕಿತು.

ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಬಿಸಿಲುಕೋಲು ಇಳಿಯುತ್ತಿತ್ತು. ಅದಕ್ಕೆ ಮುಖವೊಡ್ಡಿ ಕಣ್ಣು ಕಿರಿದು ಮಾಡಿದರೆ ಸೀನು ಕರೆದ ನಾಯಿಯ ಹಾಗೆ ಓಡಿ ಬರುತ್ತದೆ. ಕೆಂಚಮ್ಮ ಮುಖ ಎತ್ತಿದಳು. ಮನೆ ಅದುರುವ ಹಾಗೆ ಸೀನಿದಳು.

“ನೀರು ಬುದ್ಧಿ,” ಅಂತ ಚೆಲುವಯ್ಯ ಕೇಳದೆಯೇ ಚೊಂಬು ಹಿಡಿದು ಬಂದ.

ಆಮೇಲೆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಿಸಿಲುಕೋಲಿಗೆ ಸರದಿ ಹಾಕಿಕೊಂಡರು. ಯಜಮಾನರ ಕಾಲು ಮೇಲೆದ್ದರೆ ಪಡಸಾಲೆಯಲ್ಲಿ ಒಂದು ಮೂಗು ಮೇಲೇಳುತ್ತಿತ್ತು. ಒಬ್ಬೊಬ್ಬಳಿಗೆ ಒಂದೇ. ಎರಡನೆಯದು ಬಂದರೆ ಸೆರಗು ಕಚ್ಚಿ ನುಂಗಿಕೊಂಡರು. ಜಟಕಾದವನು ಒಳಗೆ ಇಣುಕಿ, “ಏನು ಬುದ್ಧಿ, ಎಲ್ರಿಗೂ ನೆಗಡಿಯಾ?” ಅಂದ. “ಸುಮ್ನೆ ಕೂತ್ಕೋ ಹೋಗೋ!” ಅಂದ ಯಜಮಾನರ ದನಿ ಎಂದಿಗಿಂತ ಸಣ್ಣಗಿತ್ತು.

ಕೊನೆಗೆ ಚೊಂಬು ನೋಡಿದರೇ ಅವರು ನಡುಗತೊಡಗಿದರು.

“ಚೆಲುವಯ್ಯ,” ಅಂದರು ಮೆಲ್ಲಗೆ, “ನನಗೆ ಸ್ವಲ್ಪ... ಈಗ ಏನು ಮಾಡೋಣ?”

“ಓಣಿ ಗೋಡೆ ಇದೆಯಲ್ಲ ಬುದ್ಧಿ. ನಾ ದಿನಾ...”

“ಜರಿಪೇಟ ಇಟ್ಕೊಂಡು ಓಣಿ ಗೋಡೆಗೆ ನಿಲ್ಲಬೇಕೇನೋ ಮುಠ್ಠಾಳ? ಅದೂ ಅಲ್ದೆ ಒಂಟಿ ಸೀನು ಬಿದ್ದಿದೆ. ಬೀದಿ ಹೊಸ್ತಿಲು ದಾಟೋದು ಹೇಗೆ?”

ದಾರಿ ಒಂದೇ ಉಳಿದಿತ್ತು. ಕರಿಬಸವಯ್ಯನವರು ಪಡಸಾಲೆಗೆ ಬಂದರು. ಕೀಲಿಕೈ ಉಡಿದಾರಕ್ಕೆ ಕಟ್ಟಿತ್ತು. ಅದನ್ನು ತೆಗೆಯಲು ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚುತ್ತ, ಮೊಣಕಾಲು ಜೋಡಿಸಿಕೊಂಡೇ, ಮಣೆಗಳ ನಡುವೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹಿತ್ತಲ ಬಾಗಿಲಿಗೆ ನಡೆದರು.

ಬಾಗಿಲಿಗೆ ಬೆನ್ನು ಕೊಟ್ಟು ಕೆಂಚಮ್ಮ ನಿಂತಿದ್ದಳು.

“ಸರಿಯೇ ಅತ್ಲಾಗೆ.”

“ಕೆಲಸದ ಹೊತ್ನಲ್ಲಿ ತೆಗೆಯಂಗಿಲ್ಲವಂತೆ,” ಅಂದಳು ಕೆಂಚಮ್ಮ. “ಎಲ್ಲಾನೂ ಮನೇಲೇ ಮುಗಿಸ್ಕೊಂಡು ಬರ್ಬೇಕಂತೆ. ಹುಕುಂ ಆಗದೆ.”

ಅವಳು ‘ಬುದ್ಧಿ’ ಅಂದಿರಲಿಲ್ಲ.

“ಕೆಲಸ ಬೇಕೋ ಬೇಡ್ವೋ ನಿನಗೆ?”

“ಬೇಕು. ಅದಕ್ಕೇ ಬಂದಿವ್ನಿ. ಉಚ್ಚೆ ಕಟ್ಕೊಂಡು ಸಾಯಾಕೆ ಬಂದಿಲ್ಲ. ಮೊನ್ನೆ ನೆಲದ ಮ್ಯಾಲೆ ಬಿದ್ದಿದ್ದು ಬರೀ ಗಡಿಗೆ ನೀರು ಅಂದ್ಕೊಂಡ್ರಾ? ಬಸುರಿ ಹೆಂಗ್ಸು ಒದ್ದೇಲಿ ಕುಂತು ಹೊಸೆದ್ಲು. ಆ ಬತ್ತೀನೇ ನೀವು ದೇವರ ಮುಂದೆ ಹಚ್ಚಿರೋದು.”

ಕರಿಬಸವಯ್ಯನವರು ಕೋಣೆಯ ಕಡೆ ನೋಡಿದರು. ಪಟದ ಮುಂದೆ ಬತ್ತಿ ಉರಿಯುತ್ತಿತ್ತು. ಆದರೆ ಒಳಗಿನ ಒತ್ತಡ ತಡೆಯಲಿಲ್ಲ. ಕೆಂಚಮ್ಮನ ಪಕ್ಕದಿಂದ ಕೈ ಚಾಚಿ ಕೀಲಿಕೈಯನ್ನು ಬೀಗಕ್ಕೆ ಹಾಕಿದರು.

ಕೆಂಚಮ್ಮ ಗಾಜಿನ ಹೆಂಚಿನ ಕಡೆ ಮುಖ ಎತ್ತಿದಳು.

“ಬೇಡ!” ಅಂದರು ಯಜಮಾನರು.

“ಆಕ್ಷೀ!”

“ನೀರು ಬುದ್ಧಿ,” ಅಂತ ಚೆಲುವಯ್ಯ ಚೊಂಬು ಹಿಡಿದು ಓಡಿ ಬಂದ.

“ತೊಲಗೋ!” ಕರಿಬಸವಯ್ಯನವರ ಕಣ್ಣಲ್ಲಿ ನೀರಾಡಿತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ಅದರಿಂದ ಮತ್ತೆ ಮೊದಲಿನದಕ್ಕೆ ಕುಣಿಯುತ್ತ, “ಇನ್ನೊಂದು ಸೀನೇ ಕೆಂಚಮ್ಮ. ಒಂದೇ ಒಂದು. ನಿನ್ನ ದಮ್ಮಯ್ಯ,” ಅಂದರು.

“ಸೀನ್ತೀನಿ. ಬೀಗ, ಕೀಲಿಕೈ ಎರಡೂ ಈ ಕಡೆ ಕೊಟ್ಬುಡಿ.”

“ತಗೋ.”

“ಮತ್ತೆ ಹಾಕಂಗಿಲ್ಲ.”

“ಇಲ್ಲ.”

“ಮುರಿದ ಅರ್ಧ ದಿನ?”

“ಅಯ್ಯೋ, ಕೊಡ್ತೀನಿ ಮಾರಾಯ್ತಿ, ಸೀನು!”

ಕೆಂಚಮ್ಮ ಬೀಗ ತೆಗೆದಳು. ಕೀಲಿಕೈ ಸಮೇತ ಅದನ್ನು ಚಾಮುಂಡೇಶ್ವರಿಯ ಕೈಗೆ ಕೊಟ್ಟಳು. ಸಾವಕಾಶವಾಗಿ ಸೆರಗು ಸರಿಮಾಡಿಕೊಂಡಳು. ಬಿಸಿಲಿಗೆ ಮುಖ ಎತ್ತಿದಳು. ಸೀನಿದಳು. ಅಷ್ಟು ತೃಪ್ತಿಯಾಗಿ ಆ ಮನೆಯಲ್ಲಿ ಯಾರೂ ಎಂದೂ ಸೀನಿರಲಿಲ್ಲ.

“ಶುಭ,” ಅಂದ ಚೆಲುವಯ್ಯ, ಅಭ್ಯಾಸಬಲದಿಂದ.

ಬಾಗಿಲು ತೆರೆಯಿತು. ಗಾಳಿ ಒಳಗೆ ನುಗ್ಗಿತು. ಗಾಳಿ ಒಳಗೆ ಬಂದಷ್ಟೇ ಬೇಗ ಹೆಂಗಸರು ಹೊರಗೆ ಹೋದರು. ಕರಿಬಸವಯ್ಯನವರು ಗುಂಡಿ ಬಿಚ್ಚಿದ ಕೋಟು ಹಿಡಿದುಕೊಂಡು ಹಿತ್ತಲಿಗೆ ಕಾಲಿಡುವ ಹೊತ್ತಿಗೆ ತೆಂಗಿನ ಗರಿಯ ಮರೆಯ ಮುಂದೆ ಬಾವಿಕಟ್ಟೆಯ ತನಕ ಸಾಲು ನಿಂತಿತ್ತು. ಮೊದಲು ಒಳಗೆ ಹೋದವಳು ಚಾಮುಂಡೇಶ್ವರಿ. ಹೆಂಗಸು ಒಳಗಿರುವ ಮರೆಗೆ ನುಗ್ಗಲಾದೀತೇ? ಜರಿಪೇಟ ಸಾಲಿನ ತುದಿಯಲ್ಲಿ, ಸೀಬೆ ಮರದ ಕೆಳಗೆ ನಿಂತಿತು.

ಬೀದಿಯಿಂದ ಜಟಕಾದವನ ಕೂಗು ಕೇಳಿಸಿತು. “ಬುದ್ಧೀ! ಹತ್ತೂವರೆ ಆಗೋಯ್ತು!”

“ಸ್ವಲ್ಪ ಬೇಗ ಆಗ್ಲಿ ಕಣ್ರಮ್ಮಾ,” ಅಂದರು ಕರಿಬಸವಯ್ಯನವರು. ಅವರ ಬಾಯಲ್ಲಿ ಆ ಹೆಂಗಸರಿಗೆ ‘ಅಮ್ಮ’ ಅನ್ನುವ ಮಾತು ಬಂದದ್ದು ಅದೇ ಮೊದಲು.

“ಆಯ್ತದೆ ಬುದ್ಧಿ,” ಅಂದಳು ಕೆಂಚಮ್ಮ. ಅವಳು ಅವರ ಮುಂದೆಯೇ ನಿಂತಿದ್ದಳು. “ಸರದಿ ಬರಬೇಕಲ್ಲ. ಎಲ್ರಿಗೂ ಒಂದೇ ಕಾನೂನು.”

ಚಾಮುಂಡೇಶ್ವರಿ ಮರೆಯಿಂದ ಹೊರಗೆ ಬಂದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ. ಬಾವಿಯಿಂದ ನೀರು ಸೇದಿದಳು. ಕಾಲು ತೊಳೆದುಕೊಂಡಳು, ಕೈ ತೊಳೆದುಕೊಂಡಳು, ಒಂದು ವಾರದಿಂದ ಕುಡಿಯದೆ ಇದ್ದ ನೀರನ್ನು ಬೊಗಸೆ ಬೊಗಸೆ ಕುಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗ ತೆಗೆದು, ಬಾವಿಯ ಮೇಲೆ ಕೈ ಚಾಚಿ, ಬೆರಳು ಬಿಡಿಸಿದಳು.

ಬುಳುಕ್.

ಆ ನೀರಿನ ಸದ್ದಿಗೆ ಕರಿಬಸವಯ್ಯನವರು ಕಾಲಿಗೆ ಕಾಲು ಹೆಣೆದು ಸೀಬೆ ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.